ಮಂದ ಬೆಳಕಿನಲ್ಲಿ ಡಿಜಿಟಲ್ ರೇಂಜ್‌ಫೈಂಡರ್‌ಗಳು: ಎಂ9ರಿಂದ ಎಂ11ರವರೆಗೆ ಬಳಸಿ ಕಂಡದ್ದು

ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾ (ಎರಡು ಬಿಂಬಗಳನ್ನು ಕೂಡಿಸಿ ಕೈಯಿಂದಲೇ ಫೋಕಸ್ ಮಾಡುವ ಕ್ಯಾಮೆರಾ) ಕೊಳ್ಳಲು ಹೊರಟವರು ಮಂದ ಬೆಳಕಿನ ವಿಷಯ ಬಂದಾಗ ಮೊದಲು ವಿಚಾರಿಸುವುದು ಗರಿಷ್ಠ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆಯ ಅಳತೆ) ಎಷ್ಟು ಎಂದು. ಲೈಕಾ ಎಂ9, ಎಂ ಟೈಪ್ 240 ಮತ್ತು ಎಂ10 ಈ ಮೂರನ್ನೂ ವರ್ಷಗಟ್ಟಲೆ ಬಳಸಿ, ಕಪ್ಪುಬಿಳುಪು ಚಿತ್ರ ಮಾತ್ರ ತೆಗೆಯುವ ಮೊನೊಕ್ರೋಮ್ ಹಾಗೂ ಎಂ11ಗಳಲ್ಲಿಯೂ ಸಾಕಷ್ಟು ಚಿತ್ರಗಳನ್ನು ತೆಗೆದ ಮೇಲೆ, ಆ ಒಂದು ಅಂಕಿಯಿಂದ ತಿಳಿಯುವುದು ಬಹಳ ಕಡಿಮೆ ಎಂಬುದು ನನಗೆ ಖಚಿತವಾಗಿದೆ. ನೋಡಬೇಕಾದದ್ದು ಚಿತ್ರದ ನೆರಳಿನ ಭಾಗವನ್ನು. ಅಲ್ಲಿ ನಾಯ್ಸ್ (ಚಿತ್ರದಲ್ಲಿ ಬೇಡದೆ ಸೇರುವ ಕಣ, ಕಲೆಗಳು) ಎಷ್ಟಿದೆ ಎನ್ನುವುದಕ್ಕಿಂತ ಅದು ಯಾವ ರೂಪದಲ್ಲಿದೆ ಎನ್ನುವುದೇ ಮುಖ್ಯ, ಏಕೆಂದರೆ ಒಂದೇ ಸಮನೆ ಹರಡಿದ ಸಣ್ಣ ಕಣಗಳನ್ನು ಕಣ್ಣು ಸಹಿಸಿಕೊಳ್ಳುತ್ತದೆ, ಅಡ್ಡಗೆರೆಗಳನ್ನೂ ಬಣ್ಣದ ಕಲೆಗಳನ್ನೂ ಸಹಿಸುವುದಿಲ್ಲ.

2009ರಲ್ಲಿ ಬಂದ ಎಂ9ರಲ್ಲಿರುವುದು ಕೊಡಾಕ್ ತಯಾರಿಸಿದ 18 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಸಿಸಿಡಿ ಸೆನ್ಸರ್. ಅದರ ಮೂಲ ಐಎಸ್‌ಒ 160, ಗರಿಷ್ಠ 2500. ಸಿಸಿಡಿಯಲ್ಲಿ ಪ್ರತಿ ಪಿಕ್ಸೆಲ್‌ನ ವಿದ್ಯುದಂಶವೂ ಸಾಲಾಗಿ ಅಂಚಿಗೆ ಸಾಗಿ, ಕೆಲವೇ ಆಂಪ್ಲಿಫೈಯರ್‌ಗಳ ಮೂಲಕ ಹೊರಬರಬೇಕಾದ್ದರಿಂದ ಓದುವ ಹಂತದಲ್ಲೇ ಹೆಚ್ಚು ನಾಯ್ಸ್ ಸೇರಿಕೊಳ್ಳುತ್ತದೆ. 640ರವರೆಗೆ ಈ ಕ್ಯಾಮೆರಾ ಕೊಡುವ ಬಣ್ಣಗಳನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಅದನ್ನು ದಾಟಿದ ಮೇಲೆ ಎಲ್ಲವೂ ಬೆಳಕಿನ ಬಣ್ಣವನ್ನು ಅವಲಂಬಿಸುತ್ತದೆ. ಹಳದಿ ಬಲ್ಬಿನ ಬೆಳಕಿನಲ್ಲಿ ಕೆಂಪು ಧಾರಾಳವಾಗಿರುತ್ತದೆ, ನೀಲಿ ತೀರಾ ಕಡಿಮೆ. ವೈಟ್ ಬ್ಯಾಲೆನ್ಸ್ ಸರಿಪಡಿಸುವಾಗ ನೀಲಿ ಚಾನೆಲ್ಲನ್ನು ಬಹಳಷ್ಟು ಎತ್ತಬೇಕಾಗುವುದರಿಂದ, ಕ್ಯಾಮೆರಾದಲ್ಲಿ 1600 ಎಂದಿದ್ದರೂ ನೀಲಿಯ ಮಟ್ಟಿಗೆ ಅದು ಅದಕ್ಕಿಂತ ಎಷ್ಟೋ ಹೆಚ್ಚಿನ ಐಎಸ್‌ಒ ಆಗಿರುತ್ತದೆ. ಪಕ್ಕದಿಂದ ಬಲ್ಬಿನ ಬೆಳಕು ಬಿದ್ದ ಒಂದು ಮುಖವನ್ನು ತೆಗೆದುಕೊಳ್ಳಿ: ಬೆಳಕಿರುವ ಕೆನ್ನೆಯಲ್ಲಿ ಚರ್ಮದ ಸೂಕ್ಷ್ಮ ರಚನೆ ಹಾಗೆಯೇ ಉಳಿದಿರುತ್ತದೆ, ಆದರೆ ಅದೇ ವ್ಯಕ್ತಿಯ ಕಪ್ಪು ಕೋಟಿನ ಮಡಿಕೆಗಳಲ್ಲಿ ನೀಲಿ ಮಿಶ್ರಿತ ಕಲೆಗಳು ಎದ್ದು ಕಾಣುತ್ತವೆ.

ಇದಕ್ಕೆ ನಾನು ಅನುಸರಿಸುವ ಕ್ರಮ ಸರಳವಾದದ್ದು. ಐಎಸ್‌ಒವನ್ನು 640ಕ್ಕಿಂತ ಏರಿಸದೆ, ಚಿತ್ರ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು ಅಥವಾ ಎರಡರಷ್ಟಾಗುವುದು) ಕಪ್ಪಾಗಿ ಬಂದರೂ ಬರಲಿ ಎಂದು ಬಿಟ್ಟು, ಅನಂತರ ರಾ ಫೈಲ್‌ನಲ್ಲಿ (ಸೆನ್ಸರ್ ದಾಖಲಿಸಿದ, ಸಂಸ್ಕರಿಸದ ಫೈಲ್‌ನಲ್ಲಿ) ಎತ್ತಿಕೊಳ್ಳುತ್ತೇನೆ. ನೆರಳುಗಳು 2500ರಲ್ಲಿ ತೆಗೆದ ಚಿತ್ರಕ್ಕಿಂತ ಹೇಳಿಕೊಳ್ಳುವಷ್ಟು ಬೇರೆಯಾಗಿ ಕಾಣುವುದಿಲ್ಲ, ಆದರೆ ದೀಪದ ಸುತ್ತಲಿನ ಹೈಲೈಟ್‌ಗಳು (ಅತಿ ಬೆಳಕಿನ ಭಾಗಗಳು) ಸುಟ್ಟುಹೋಗದೆ ಉಳಿಯುತ್ತವೆ. ಸೆಕೆಂಡ್‌ಹ್ಯಾಂಡ್ ಎಂ9 ಕೊಳ್ಳುವವರಿಗೆ ಇನ್ನೊಂದು ಮಾತು: ಈ ಸೆನ್ಸರ್‌ನ ಮೇಲ್ಗಾಜು ಕಾಲಕ್ರಮೇಣ ಸವೆದು ಚುಕ್ಕೆ ಬೀಳುವುದು ಎಲ್ಲರಿಗೂ ತಿಳಿದ ವಿಷಯವಾದ್ದರಿಂದ, ಹೊಸ ಮಾದರಿಯ ಸೆನ್ಸರ್ ಹಾಕಿಸಿದ ಕ್ಯಾಮೆರಾವನ್ನೇ ಹುಡುಕಬೇಕು.

ಅದಕ್ಕಿಂತ ಹಿಂದಿನವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2004ರ ಎಪ್ಸನ್ ಆರ್‌-ಡಿ1 ಆರು ಮೆಗಾಪಿಕ್ಸೆಲ್‌ನದು, 1600ಕ್ಕೆ ನಿಲ್ಲುತ್ತದೆ, ಸಣ್ಣ ಪ್ರಿಂಟ್‌ಗೆ ಈಗಲೂ ಸಾಕು. 2006ರ ಎಂ8ರಲ್ಲಿ ಇನ್‌ಫ್ರಾರೆಡ್ ತಡೆಯುವ ಪದರ ತೆಳುವಾಗಿರುವುದರಿಂದ, ಬಲ್ಬಿನ ಬೆಳಕಿನಲ್ಲಿ ಕಪ್ಪು ಸಿಂಥೆಟಿಕ್ ಬಟ್ಟೆ ನೇರಳೆಯಾಗಿ ಕಾಣುತ್ತದೆ. ಲೆನ್ಸ್ ಮುಂದೆ ಯುವಿ-ಐಆರ್ ಫಿಲ್ಟರ್ ಇಲ್ಲದೆ ರಾತ್ರಿ ಹೊತ್ತು ಅದನ್ನು ಬಳಸಲಾಗದು.

ಟೈಪ್ 240ರೊಂದಿಗೆ, ಪ್ರತಿ ಪಿಕ್ಸೆಲ್‌ಗೂ ಸ್ವಂತ ಆಂಪ್ಲಿಫೈಯರ್ ಇರುವ ಸಿಮಾಸ್ (CMOS) ಸೆನ್ಸರ್ ಬಂದಿತು, ಮಿತಿ 6400ಕ್ಕೆ ಏರಿತು. 3200ರಲ್ಲಿ ಅದರ ಚಿತ್ರಗಳು ಎಂ9ರ 1250ಕ್ಕಿಂತ ಸ್ವಚ್ಛವಾಗಿರುತ್ತವೆ ಎನ್ನಲು ನನಗೆ ಸಂಕೋಚವಿಲ್ಲ. ಆದರೆ ಎಂ9ರಲ್ಲಿ ರೂಢಿಸಿಕೊಂಡ ಕ್ರಮ ಇಲ್ಲಿ ನಡೆಯುವುದಿಲ್ಲ: ಹೆಚ್ಚಿನ ಐಎಸ್‌ಒದಲ್ಲಿ ಕಪ್ಪಾಗಿ ತೆಗೆದು ನೆರಳನ್ನು ಎತ್ತಿದರೆ, ಅಡ್ಡಡ್ಡವಾಗಿ ನವಿರಾದ ಗೆರೆಗಳ ಬ್ಯಾಂಡಿಂಗ್ ಕಾಣಿಸಿಕೊಳ್ಳುತ್ತದೆ. ಕ್ಯಾಮೆರಾದಲ್ಲಿಯೇ ಎಕ್ಸ್‌ಪೋಶರ್ ಸರಿಯಾಗಿರಬೇಕು. 2017ರ ಎಂ10 ಈ ತೊಂದರೆಯಿಂದ ಬಹುಮಟ್ಟಿಗೆ ಬಿಡುಗಡೆ ಕೊಟ್ಟಿದೆ. ಪಿಕ್ಸೆಲ್ ಸಂಖ್ಯೆ ಮೊದಲಿನಂತೆ 24 ಮೆಗಾಪಿಕ್ಸೆಲ್ಲೇ ಇದ್ದರೂ ನೆರಳುಗಳ ಗುಣ ಬೇರೆ. 6400ರಲ್ಲಿ ನಾನು ಯೋಚನೆಯಿಲ್ಲದೆ ಬಳಸುತ್ತೇನೆ, 12500 ನನ್ನ ಮಿತಿ. ಅದರ 50000 ಎಂಬ ಗರಿಷ್ಠ ಅಂಕಿ ನನ್ನ ಕೆಲಸಕ್ಕೆ ಬಂದಿಲ್ಲ.

ರೇಂಜ್‌ಫೈಂಡರ್‌ಗಳಿಗೇ ವಿಶಿಷ್ಟವಾದ ಒಂದು ತೊಡಕನ್ನು ಹೋಲಿಕೆಗಳಲ್ಲಿ ಹೆಚ್ಚಿನವರು ಗಮನಿಸುವುದಿಲ್ಲ. ಕನ್ನಡಿ ಇಲ್ಲದ ಕಾರಣ ಈ ಕ್ಯಾಮೆರಾಗಳ ವೈಡ್ ಲೆನ್ಸ್‌ಗಳ ಹಿಂಭಾಗ ಸೆನ್ಸರ್‌ಗೆ ತೀರಾ ಹತ್ತಿರ ಬರುತ್ತದೆ, ಮೂಲೆಗಳಿಗೆ ಬೆಳಕು ಓರೆಯಾಗಿ ಬೀಳುತ್ತದೆ. ಅಂಚಿನ ಮೈಕ್ರೋಲೆನ್ಸ್‌ಗಳನ್ನು (ಪಿಕ್ಸೆಲ್‌ಗಳ ಮೇಲಿನ ಪುಟ್ಟ ಲೆನ್ಸ್‌ಗಳನ್ನು) ನಡುವಿನ ಕಡೆಗೆ ಸರಿಸಿ ಕೂರಿಸಿದ್ದರೂ, 35 ಮಿಮೀ ಎಫ್ 1.4 ಲೆನ್ಸನ್ನು ಪೂರ್ತಿ ತೆರೆದಾಗ ಮೂಲೆಗಳು ಸ್ಪಷ್ಟವಾಗಿ ಕಪ್ಪಾಗುತ್ತವೆ. ಆ ಕಪ್ಪನ್ನು ಸಾಫ್ಟ್‌ವೇರ್ ಎರಡು ಸ್ಟಾಪ್ ಎತ್ತಿತೆಂದರೆ, ಚಿತ್ರದ ನಡುವೆ ಐಎಸ್‌ಒ 6400 ಇದ್ದಾಗ ಮೂಲೆಯಲ್ಲಿ ಕಾಣುವುದು 25000ದ ನಾಯ್ಸ್. ಆದ್ದರಿಂದ ರಾತ್ರಿಯ ಚಿತ್ರಗಳಿಗೆ ರಾ ಕನ್ವರ್ಟರ್‌ನಲ್ಲಿ ಲೆನ್ಸ್ ಪ್ರೊಫೈಲ್‌ನ ವಿನ್ಯೆಟಿಂಗ್ (ಮೂಲೆ ಕಪ್ಪಾಗುವಿಕೆ) ತಿದ್ದುಪಡಿಯನ್ನು ನಾನು ತೆಗೆದುಬಿಡುತ್ತೇನೆ. ಮೂಲೆಗಳು ಕಪ್ಪಾಗಿಯೇ ಇರಲಿ, ರಾತ್ರಿಗೆ ಅದು ಒಪ್ಪುತ್ತದೆ.

ಬಣ್ಣ ಬೇಡವೆನ್ನುವವರಿಗೆ ಮೊನೊಕ್ರೋಮ್‌ಗಿಂತ ಉತ್ತಮವಾದದ್ದನ್ನು ನಾನು ಬಳಸಿಲ್ಲ. ಸೆನ್ಸರ್ ಮೇಲಿನ ಬಣ್ಣದ ಫಿಲ್ಟರ್‌ಗಳು ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗುತ್ತವೆ. ಅವನ್ನು ತೆಗೆದರೆ ಸುಮಾರು ಒಂದು ಸ್ಟಾಪ್ ಬೆಳಕು ದಕ್ಕುತ್ತದೆ. ಅದಕ್ಕಿಂತ ದೊಡ್ಡ ಲಾಭ, ನೆರೆಯ ಪಿಕ್ಸೆಲ್‌ಗಳಿಂದ ಬಣ್ಣವನ್ನು ಊಹಿಸುವ ಲೆಕ್ಕಾಚಾರವೇ ಇಲ್ಲದ್ದರಿಂದ ನಾಯ್ಸ್ ಕಲೆಗಳಾಗಿ ಹರಡಿಕೊಳ್ಳದೆ ಕಣವಾಗಿಯೇ ಉಳಿಯುತ್ತದೆ. ಎಂ9ರ ಪೀಳಿಗೆಯ ಸಿಸಿಡಿಯನ್ನೇ ಬಳಸಿದ 2012ರ ಮೊದಲ ಮೊನೊಕ್ರೋಮ್ 10000ದವರೆಗೆ ಹೋಗಲು ಸಾಧ್ಯವಾದದ್ದು ಹೀಗೆ. 2020ರ ಎಂ10 ಮೊನೊಕ್ರೋಮ್‌ನಲ್ಲಿ 25000ದ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಮಾಡಲು ನಾನು ಹಿಂಜರಿಯುವುದಿಲ್ಲ. ಆದರೆ ಇದರಲ್ಲಿ ಹೈಲೈಟ್ ಹೋದರೆ ಹೋಯಿತು. ಬಣ್ಣದ ಕ್ಯಾಮೆರಾದಲ್ಲಿ ಒಂದು ಚಾನೆಲ್ ತುಂಬಿದರೂ ಉಳಿದೆರಡರಿಂದ ಒಂದಿಷ್ಟು ಮರಳಿ ಪಡೆಯಬಹುದು, ಇಲ್ಲಿ ಆ ಆಸರೆಯಿಲ್ಲ. ದೀಪ ಚೌಕಟ್ಟಿನೊಳಗಿದ್ದರೆ ಒಂದು ಸ್ಟಾಪ್ ಕಡಿಮೆ ಎಕ್ಸ್‌ಪೋಶರ್ ಕೊಡಲೇಬೇಕು.

2022ರ ಎಂ11ರದು 60 ಮೆಗಾಪಿಕ್ಸೆಲ್‌ನ ಬ್ಯಾಕ್-ಇಲ್ಯುಮಿನೇಟೆಡ್ (ಹಿಂಬದಿಯಿಂದ ಬೆಳಕು ಪಡೆಯುವ) ಸೆನ್ಸರ್. ಹಗಲಿನಲ್ಲಿ ಅದರ ಸಾಮರ್ಥ್ಯಕ್ಕೆ ಎರಡು ಮಾತಿಲ್ಲ. ಕತ್ತಲಲ್ಲಿ ಮಾತ್ರ, ಒಂದೇ ಅಳತೆಯ ಪ್ರಿಂಟ್ ಮಾಡಿ ಎಂ10ರ ಪಕ್ಕದಲ್ಲಿಟ್ಟರೆ ನನಗೆ ದೊಡ್ಡ ಅಂತರ ಕಾಣಲಿಲ್ಲ. ಈ ಎರಡು ಕ್ಯಾಮೆರಾಗಳಲ್ಲಿಯೂ ಸೆನ್ಸರ್ ಸ್ಟೆಬಿಲೈಸೇಶನ್ (ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆ) ಇಲ್ಲ ಎಂಬುದನ್ನು ನೆನಪಿಡಬೇಕು. ಎಂ10ರಲ್ಲಿ 35 ಮಿಮೀ ಲೆನ್ಸ್‌ನೊಂದಿಗೆ 1/30 ಸೆಕೆಂಡಿಗೆ ನನ್ನ ಕೈ ನಿಲ್ಲುತ್ತದೆ. ಎಂ11ರಲ್ಲಿ ಅಷ್ಟೂ ಪಿಕ್ಸೆಲ್‌ಗಳ ಪ್ರಯೋಜನ ಬೇಕೆಂದರೆ 1/60 ಬೇಕು, ಅಂದರೆ ಐಎಸ್‌ಒ ಎರಡರಷ್ಟಾಗುತ್ತದೆ. 18 ಅಥವಾ 36 ಮೆಗಾಪಿಕ್ಸೆಲ್‌ಗೆ ಇಳಿಸಿ ತೆಗೆಯುವ ಸೌಲಭ್ಯ ಅದರಲ್ಲಿದೆ. ಆದರೆ ರಾತ್ರಿಯ ಕೆಲಸವೇ ಹೆಚ್ಚಾಗಿರುವವರು ಅಷ್ಟಕ್ಕಾಗಿ ಎಂ10 ಬಿಟ್ಟು ಹೋಗಬೇಕಾಗಿಲ್ಲ.

ಕೊನೆಗೆ ಫೋಕಸ್. ಆಟೋಫೋಕಸ್ ತಡವರಿಸುವ ಬೆಳಕಿನಲ್ಲಿಯೂ ರೇಂಜ್‌ಫೈಂಡರ್‌ನ ಎರಡು ಬಿಂಬಗಳನ್ನು ಒಂದರ ಮೇಲೊಂದು ಕೂಡಿಸಬಹುದು, ಮತ್ತು ವ್ಯೂಫೈಂಡರ್ ವರ್ಧನೆ 0.68ರಿಂದ 0.73ಕ್ಕೆ ಏರಿದ್ದರಿಂದ ಎಂ10ರಲ್ಲಿ ಅದು ಇನ್ನಷ್ಟು ಸುಲಭ. ಆದರೆ 50 ಮಿಮೀ ಲೆನ್ಸನ್ನು ಎಫ್ 1.4ಕ್ಕೆ ತೆರೆದು ಒಂದು ಮೀಟರ್ ದೂರಕ್ಕೆ ಫೋಕಸ್ ಮಾಡಿದಾಗ ಚುರುಕಾಗಿ ಕಾಣುವ ಆಳ ಮೂರು ಸೆಂಟಿಮೀಟರ್‌ನಷ್ಟು ಮಾತ್ರ. ರೇಂಜ್‌ಫೈಂಡರ್ ಜೋಡಣೆ ಕೂದಲೆಳೆಯಷ್ಟು ತಪ್ಪಿದ್ದರೂ ಕಣ್ಣಿನ ಬದಲು ಕಿವಿ ಫೋಕಸ್ ಆಗುತ್ತದೆ. ಆಗ ಸುರಕ್ಷಿತವಾಗಿರಲೆಂದು ಎಫ್ 2.8ಕ್ಕೆ ಮುಚ್ಚುತ್ತೇವೆ, 3200ರಲ್ಲಿ ಆಗಬೇಕಾದ ಚಿತ್ರ 12500ಕ್ಕೆ ಹೋಗುತ್ತದೆ. ಈಗಿರುವ ಕ್ಯಾಮೆರಾದಲ್ಲಿ ನಾಯ್ಸ್ ಹೆಚ್ಚೆಂದು ಹೊಸ ಬಾಡಿ ಕೊಳ್ಳಲು ಹೊರಟವರು, ಅದಕ್ಕೆ ಮೊದಲು ಟ್ರೈಪಾಡ್ ಮೇಲಿಟ್ಟು ಪೂರ್ತಿ ತೆರೆದ ಲೆನ್ಸ್‌ನಲ್ಲಿ ಫೋಕಸ್ ಪರೀಕ್ಷಿಸಿ, ಅಗತ್ಯವಿದ್ದರೆ ಕ್ಯಾಮೆರಾ ಮತ್ತು ಲೆನ್ಸ್ ಎರಡನ್ನೂ ಒಟ್ಟಿಗೆ ಕ್ಯಾಲಿಬ್ರೇಶನ್‌ಗೆ ಕೊಡುವುದು ಒಳ್ಳೆಯದು.