ಹಾಜರಿ ಪಟ್ಟಿಯ ಒಂಬತ್ತನೆಯ ಸಂಖ್ಯೆ: ಶಿಕ್ಷಕರ ತರಬೇತಿಯೊಂದರ ವಿಮರ್ಶೆ

ಲೈಂಗಿಕ ಹಾಗೂ ಲಿಂಗತ್ವ ಅಲ್ಪಸಂಖ್ಯಾತ (ಸಲಿಂಗ ಪ್ರೇಮಿ, ತೃತೀಯ ಲಿಂಗಿ ಮೊದಲಾದ) ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಶಿಕ್ಷಕರಿಗೆ ತರಬೇತಿ ಕೊಡುವ ಬೆಂಗಳೂರಿನ ಸಂಸ್ಥೆಯೊಂದನ್ನು ನಮ್ಮ ಶಾಲೆಯ ಆಡಳಿತ ಮಂಡಳಿ ಈ ವರ್ಷ ಕರೆಸಿತ್ತು. ನಾನು ದಾವಣಗೆರೆ ಜಿಲ್ಲೆಯ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕಿ. ಎರಡು ದಿನದ ತರಬೇತಿ, ಆ ಮೇಲೆ ಮೂರು ತಿಂಗಳು ದೂರವಾಣಿಯಲ್ಲಿ ಸಲಹೆ, ಇಷ್ಟಕ್ಕೆ 24,000 ರೂಪಾಯಿ. ಗುಮಾಸ್ತರು, ಜವಾನರು ಸೇರಿ 26 ಮಂದಿ ಕುಳಿತಿದ್ದೆವು. ಇಂಥ ಸೇವೆಯನ್ನು ಹುಡುಕುತ್ತಿರುವ ಬೇರೆ ಶಾಲೆಯವರಿಗೆ ಅನುಕೂಲವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ದೂರುವುದು ಉದ್ದೇಶವಲ್ಲವಾದ್ದರಿಂದ ಸಂಸ್ಥೆಯ ಹೆಸರನ್ನು ಬಿಟ್ಟಿದ್ದೇನೆ.

ಆಡಳಿತ ಮಂಡಳಿಗೆ ಇದ್ದಕ್ಕಿದ್ದಂತೆ ಈ ಕಾಳಜಿ ಹುಟ್ಟಿತೆಂದು ಯಾರೂ ಭಾವಿಸಬೇಕಾಗಿಲ್ಲ. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ನೀಡಿದ ತೀರ್ಪಿನ ಪ್ರಕಾರ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರೊಬ್ಬರನ್ನಾದರೂ ನೇಮಿಸಿಕೊಳ್ಳಬೇಕು, ಎಲ್ಲ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲವಾದರೂ ಮಾನಸಿಕ ಆರೋಗ್ಯದ ತರಬೇತಿ ಕೊಡಿಸಬೇಕು. ಭೇದಭಾವವಿಲ್ಲದೆ, ಸೂಕ್ಷ್ಮವಾಗಿ ನಡೆದುಕೊಳ್ಳುವುದನ್ನು ಸಿಬ್ಬಂದಿ ಕಲಿಯಬೇಕಾದದ್ದು ಯಾವ ಯಾವ ವಿದ್ಯಾರ್ಥಿಗಳ ವಿಷಯದಲ್ಲಿ ಎಂದು ಹೇಳುವಾಗ ನ್ಯಾಯಾಲಯವು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಜೊತೆಯಲ್ಲೇ ಲೈಂಗಿಕ ಅಲ್ಪಸಂಖ್ಯಾತರನ್ನೂ ಹೆಸರಿಸಿದೆ. ನಮ್ಮಲ್ಲಿ ಆಪ್ತಸಮಾಲೋಚಕರು ಇನ್ನೂ ಬಂದಿಲ್ಲ. ತರಬೇತಿ ಮೊದಲು ಬಂತು.

ಮೊದಲ ದಿನದ ಮೊದಲ ಗಂಟೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಹೆಣ್ಣಿನಂತೆ ನಡೆಯುವ ಹುಡುಗನನ್ನು ಶಾಲೆಯಲ್ಲಿ ಏನೆಂದು ಕರೆಯುತ್ತಾರೆ ಎಂಬುದನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆಯಿರಿ ಎಂದರು. ‘ಹೆಣ್ಣಿಗ’, ‘ಚಕ್ಕ’, ‘ಒಂಬತ್ತು’ ಎಂಬ ಮಾತುಗಳು ಬೋರ್ಡಿನ ಮೇಲೆ ಬಂದವು. ಅನಂತರ ತರಬೇತುದಾರರು ಕೇಳಿದ್ದು ಒಂದೇ ಪ್ರಶ್ನೆ: ಹಾಜರಿ ಕರೆಯುವಾಗ ಒಂಬತ್ತನೆಯ ಸಂಖ್ಯೆಗೆ ಬಂದಾಗ ತರಗತಿಯಲ್ಲಿ ಏನಾಗುತ್ತದೆ? ಯಾರೂ ಉತ್ತರಿಸಲಿಲ್ಲ, ಏಕೆಂದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆ ನಗುವಿಗೆ ನಾವೂ ಎಷ್ಟೋ ಸಲ ತುಟಿಯಂಚಿನಲ್ಲಿ ನಕ್ಕು ಮುಂದಿನ ಸಂಖ್ಯೆಗೆ ಹೋಗಿದ್ದೇವೆ. ಈ ಮಕ್ಕಳ ಖಿನ್ನತೆ ಅವರ ಸ್ವಭಾವದೊಳಗಿಂದ ಹುಟ್ಟಿದ ಕಾಯಿಲೆಯಲ್ಲ, ದಿನವೂ ಬೀಳುವ ಇಂಥ ಪೆಟ್ಟುಗಳಿಂದ ಕೂಡಿಬಂದ ಭಾರ ಎಂಬ ವಿವರಣೆಯನ್ನು ಅವರು ಇಲ್ಲಿಂದ ಆರಂಭಿಸಿದ್ದರಿಂದ ಅದು ಸಿದ್ಧಾಂತದಂತೆ ಕೇಳಿಸಲಿಲ್ಲ.

ಕಾನೂನಿನ ಭಾಗವೂ ಚುರುಕಾಗಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಲೈಂಗಿಕ ಒಲವಿನ ಆಧಾರದ ಮೇಲೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡಬಾರದೆನ್ನುತ್ತದೆ. ಒಲವನ್ನು ‘ಸರಿಪಡಿಸುವ’ ಚಿಕಿತ್ಸೆ ವೃತ್ತಿಪರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿದೆ. ಅದಕ್ಕೆ ಹಿನ್ನೆಲೆಯಾದದ್ದು 2021ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ನೀಡಿದ ಆದೇಶ. ಮಗುವನ್ನು ದೇವರ ಬಳಿಗೋ ವೈದ್ಯರ ಬಳಿಗೋ ಕರೆದೊಯ್ದು ‘ಸರಿಮಾಡಿಸಿ’ ಎಂದು ಪೋಷಕರಿಗೆ ಸಲಹೆ ಕೊಡುವ ಅಭ್ಯಾಸ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಇದ್ದದ್ದರಿಂದ ಇದನ್ನು ಹೇಳಿದ್ದು ಒಳ್ಳೆಯದಾಯಿತು. ತೃತೀಯ ಲಿಂಗಿ ಮಕ್ಕಳನ್ನು ಶಾಲೆಯಲ್ಲಿ ಒಳಗೊಳ್ಳುವ ಬಗ್ಗೆ ಎನ್‌ಸಿಇಆರ್‌ಟಿ 2021ರಲ್ಲಿ ಪ್ರಕಟಿಸಿದ ಕೈಪಿಡಿಯನ್ನು, ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಆಕ್ಷೇಪವೆತ್ತಿದ ಬೆನ್ನಲ್ಲೇ, ಜಾಲತಾಣದಿಂದ ತೆಗೆದುಹಾಕಿದ ಸಂಗತಿಯನ್ನೂ ಅವರು ಮುಚ್ಚಿಡಲಿಲ್ಲ. ಸಮವಸ್ತ್ರ, ಶೌಚಾಲಯಗಳ ವಿಷಯದಲ್ಲಿ ಶಾಲೆಗಳು ಏನು ಮಾಡಬೇಕೆಂಬ ಗೊಂದಲಕ್ಕೆ ಅದೂ ಒಂದು ಕಾರಣವೆಂದು ನನಗೆ ಅನ್ನಿಸಿತು.

ತೊಡಕು ಶುರುವಾದದ್ದು ಗೋಪ್ಯತೆಯ ವಿಷಯದಲ್ಲಿ. ‘ಮಿಸ್, ಮನೇಲಿ ಹೇಳ್ಬೇಡಿ’ ಎಂದು ಮಗು ಬಂದರೆ ಯಾರಿಗೂ ಏನನ್ನೂ ಹೇಳುವುದಿಲ್ಲವೆಂದು ಮಾತು ಕೊಡಿ ಎಂದು ಕಿರಿಯ ತರಬೇತುದಾರರು ಕಲಿಸಿದರು. ಮನೆಯವರಿಗೆ ತಿಳಿಸಿಬಿಡುವುದೇ ಕರ್ತವ್ಯವೆಂದು ತಿಳಿದಿದ್ದ ನಮ್ಮಂಥವರಿಗೆ ಅದರ ಮೊದಲ ಅರ್ಧ ಬೇಕಾಗಿಯೇ ಇತ್ತು. ಒಂದು ಫೋನ್ ಕರೆಯಿಂದ ಮಗುವಿನ ಶಾಲೆಯೇ ಬಿಟ್ಟುಹೋಗಬಹುದು. ಆದರೆ ಹಾಗೆ ಕಣ್ಣು ಮುಚ್ಚಿ ಮಾತು ಕೊಡಲು ಶಿಕ್ಷಕರಿಗೆ ಅಧಿಕಾರವಿಲ್ಲ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ಗೊತ್ತಾದರೆ ಪೋಕ್ಸೋ ಕಾಯ್ದೆಯ 19ನೆಯ ಕಲಮಿನಂತೆ ವರದಿ ಮಾಡಲೇಬೇಕು, ಜೀವಕ್ಕೆ ಅಪಾಯವಿದ್ದರೆ ಇನ್ನೊಬ್ಬ ಹಿರಿಯರಿಗೆ ತಿಳಿಸಲೇಬೇಕು. ನಾನು ಎದ್ದು ಕೇಳಿದೆ. ಎರಡನೆಯ ದಿನ ಬಂದ ಹಿರಿಯ ಆಪ್ತಸಮಾಲೋಚಕರು ಇದನ್ನು ತಿದ್ದಿದರು: ಮಗು ಬಾಯಿಬಿಡುವ ಮೊದಲೇ ಮಿತಿಯನ್ನು ಹೇಳಬೇಕು; ‘ಸಾಯಬೇಕು ಅನ್ನಿಸುತ್ತಿದೆಯಾ’ ಎಂದು ನೇರವಾಗಿ ಕೇಳಲು ಹಿಂಜರಿಯಬಾರದು, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡಬಾರದು. ಆಕೆಯ ಇನ್ನೊಂದು ಮಾತಿಗೇ ಕೊಟ್ಟ ಹಣ ಸಂದಿತೆನ್ನಬೇಕು. ಮಗು ಅಪಾಯದಲ್ಲಿದೆ ಎಂಬುದನ್ನು ಪೋಷಕರಿಗೆ ತಿಳಿಸುವಾಗ, ಅದು ಯಾರನ್ನು ಮೆಚ್ಚುತ್ತದೆ ಎಂಬುದನ್ನು ತಿಳಿಸಬೇಕಾದ ಅಗತ್ಯವಿಲ್ಲ. ಇಷ್ಟು ಮುಖ್ಯವಾದ ಸಂಗತಿಯ ಬಗ್ಗೆ ನಮಗೆ ಹಂಚಿದ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲ.

ಕೈಪಿಡಿಯ ಕನ್ನಡವನ್ನು ಕುರಿತು ಕನ್ನಡ ಅಧ್ಯಾಪಕಿಯಾಗಿ ಸುಮ್ಮನಿರಲಾರೆ. ನಲವತ್ತು ಪುಟಗಳಲ್ಲಿ ಎಂಟನೆಯ ತರಗತಿಯ ಮಗುವಿಗೆ ಹೇಳಬಹುದಾದ ವಾಕ್ಯ ಒಂದೂ ಸಿಗಲಿಲ್ಲ. ಅರ್ಧ ಪದಗಳು ಇಂಗ್ಲಿಷ್, ಉಳಿದರ್ಧ ಶಬ್ದಕೋಶದಿಂದ ಎತ್ತಿಟ್ಟ ಸಂಸ್ಕೃತ. ‘ಲೈಂಗಿಕ ಅಭಿಮುಖತೆ’ ಎಂಬುದನ್ನು ನಮ್ಮ ಹಳ್ಳಿಯ ಹುಡುಗಿಗೆ ವಿವರಿಸಲು ಹೊರಟರೆ ಅವಳು ನೋಟ್ಸ್ ಬರೆದುಕೊಳ್ಳಲು ಪೆನ್ನು ತೆಗೆಯುತ್ತಾಳೆ. ಬೈಗುಳವಲ್ಲದ ಪದವೇ ಕೈಗೆ ಸಿಗದ ಮಗು ತನ್ನ ವಿಷಯವನ್ನು ಯಾವ ಮಾತಿನಲ್ಲಿ ಹೇಳೀತು?

ಹುಡುಗಿಯರ ವಿಷಯ ಪೂರ್ತಿ ಸೊರಗಿತ್ತು. ಎರಡು ದಿನದ ಉದಾಹರಣೆಗಳೆಲ್ಲ ಹುಡುಗರವು, ಏಕೆಂದರೆ ಅವರ ಮೇಲಿನ ಹಿಂಸೆ ಆಟದ ಮೈದಾನದಲ್ಲಿ ಕಣ್ಣಿಗೆ ಕಾಣುತ್ತದೆ. ಗೆಳತಿಯನ್ನು ಪ್ರೀತಿಸುವ ಹುಡುಗಿಯನ್ನು ಯಾರೂ ಗೇಲಿ ಮಾಡುವುದಿಲ್ಲ; ಸುಳಿವು ಸಿಕ್ಕಿದರೆ ಎಸ್ಸೆಸ್ಸೆಲ್ಸಿ ಮುಗಿಯುವುದರೊಳಗೆ ಗಂಡು ನೋಡುತ್ತಾರೆ. ಮಕ್ಕಳ ಸಹಾಯವಾಣಿ 1098ರ ಉಲ್ಲೇಖ ಇಲ್ಲಿ ಬರಬೇಕಿತ್ತು, ಬರಲಿಲ್ಲ.

ದೂರವಾಣಿ ಸಲಹೆಯನ್ನು ನಾನು ಎರಡು ಸಲ ಬಳಸಿದೆ. ಮೊದಲ ಸಲ ಕರೆ ಸ್ವೀಕರಿಸಿದವರಿಗೆ ಕನ್ನಡ ಬಾರದು. ಎರಡನೆಯ ಸಲ ಸಂಜೆ ಆರರ ಮೇಲೆ ಕರೆ ಮಾಡಿದ್ದರಿಂದ ಯಾರೂ ಎತ್ತಲಿಲ್ಲ, ಮಕ್ಕಳ ಸಂಕಟಕ್ಕೆ ಕಚೇರಿಯ ವೇಳೆ ಇದ್ದಂತೆ. ಇದಕ್ಕಿಂತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯೇ ಮೇಲು. 2022ರ ಅಕ್ಟೋಬರ್ 10ರಂದು ಆರಂಭವಾದ, ನಮ್ಮ ನಿಮ್ಹಾನ್ಸ್ ಮುಂದಾಳತ್ವದ ಈ ಸರ್ಕಾರಿ ಸೇವೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡವೂ ಅದರ ಭಾಷೆಗಳಲ್ಲೊಂದು. ಅದನ್ನು ಎದ್ದು ಕಾಣುವಂತೆ ಬರೆಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮಲ್ಲಿ ಅದನ್ನು ಮುಖ್ಯೋಪಾಧ್ಯಾಯರ ಕೊಠಡಿಯ ಬಾಗಿಲಿಗೆ ಅಂಟಿಸಿದ್ದರು, ಅಲ್ಲಿ ನಿಂತು ಸಂಖ್ಯೆ ಬರೆದುಕೊಳ್ಳುವ ಧೈರ್ಯ ಯಾವ ಮಗುವಿಗೂ ಇರಲಾರದು. ಈಗ ಕುಡಿಯುವ ನೀರಿನ ನಲ್ಲಿಯ ಬಳಿ ಬರೆಸಿದ್ದೇವೆ.

ಐದರಲ್ಲಿ ಮೂರು ಅಂಕ. ವರ್ಷದ ಎರಡನೆಯ ತರಬೇತಿಗೆ ಇದೇ ಸಂಸ್ಥೆಯನ್ನು ಕರೆಯುವುದಾದರೆ ಆ ಹಿರಿಯ ಆಪ್ತಸಮಾಲೋಚಕರೇ ಎರಡೂ ದಿನ ಬರಬೇಕು ಮತ್ತು ಕೈಪಿಡಿಯನ್ನು ಮೊದಲು ನಮ್ಮ ಕನ್ನಡ ವಿಭಾಗಕ್ಕೆ ಕಳುಹಿಸಬೇಕು ಎಂದು ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದೇನೆ. ಗಣಿತದ ಮೇಷ್ಟ್ರು ಹಾಜರಿಯನ್ನು ಈಗ ಹೆಸರು ಹಿಡಿದು ಕರೆಯುತ್ತಾರೆ.