ಘಾಟಿ ಹತ್ತುವ ಟರ್ಬೊ ಗಾಡಿಗೆ 5ಡಬ್ಲ್ಯೂ-30 ಸಾಕೇ, 5ಡಬ್ಲ್ಯೂ-40 ಬೇಕೇ?

ಹಾಕಿ ನೋಡಿದ ಗಾಡಿ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್, 2.0 ಲೀಟರ್ ಟರ್ಬೊ ಪೆಟ್ರೋಲ್, ಬಿಎಸ್4 (ಹಳೆಯ ಹೊಗೆ ನಿಯಮ) ಕಾಲದ್ದು. ಹಾಕಿದ್ದು ಎರಡು ಎಂಜಿನ್ ಆಯಿಲ್: ವಿಡಬ್ಲ್ಯೂ 504 00 (ಸ್ಕೋಡಾದ ಮಾತೃ ಕಂಪನಿ ಫೋಕ್ಸ್‌ವ್ಯಾಗನ್‌ನ ಆಯಿಲ್ ಮಾನದಂಡ) ಅನುಮೋದನೆಯ 5ಡಬ್ಲ್ಯೂ-30, ವಿಡಬ್ಲ್ಯೂ 502 00 ಅನುಮೋದನೆಯ 5ಡಬ್ಲ್ಯೂ-40. ಎರಡಕ್ಕೂ ಹೊಸ ಫಿಲ್ಟರ್, ಒಂದೇ ಬಂಕಿನ ಪೆಟ್ರೋಲ್. ದಾರಿಯೂ ಅದೇ: ವಾರವಿಡೀ ವಾಕಡ್–ಹಿಂಜವಡಿ ಜಾಮ್, ಭಾನುವಾರ ನಸುಕಿಗೆ ಖೋಪೋಲಿಯಿಂದ ಲೋಣಾವಳದವರೆಗೆ ಏರು, ಹಬ್ಬಕ್ಕೆ ಖಂಬಾಟ್ಕಿ ಘಾಟಿ ದಾಟಿ ಬೆಳಗಾವಿ.

ಮೊದಲು 'ಡಬ್ಲ್ಯೂ' ಅಂಕಿಯ ಚಿಂತೆ ಬಿಡಿ. ಅದು ಚಳಿಯಲ್ಲಿ ಎಂಜಿನ್ ತಿರುಗುವುದಕ್ಕೆ ಸಂಬಂಧಿಸಿದ್ದು. 5ಡಬ್ಲ್ಯೂ ಆಯಿಲನ್ನು ಪರೀಕ್ಷಿಸುವುದು ಮೈನಸ್ 30 ಡಿಗ್ರಿಯಲ್ಲಿ, 0ಡಬ್ಲ್ಯೂ ಆದರೆ ಮೈನಸ್ 35ರಲ್ಲಿ. ಪುಣೆಯ ಜನವರಿ ನಸುಕು 8–10 ಡಿಗ್ರಿಗೆ ಇಳಿದರೆ ಅದೇ ದೊಡ್ಡ ಚಳಿ, ಮುಂಬೈ-ಗೋವಾದಲ್ಲಿ ಅಷ್ಟೂ ಇಲ್ಲ. ಇಲ್ಲಿ 0ಡಬ್ಲ್ಯೂಗೆ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ.

ಲೆಕ್ಕಕ್ಕೆ ಬರುವುದು ಎರಡನೆಯ ಅಂಕಿ. 100 ಡಿಗ್ರಿಯಲ್ಲಿ 30 ಗ್ರೇಡಿನ ಸ್ನಿಗ್ಧತೆ, ಅಂದರೆ ಆಯಿಲ್‌ನ ದಪ್ಪ, 9.3ರಿಂದ 12.5 ಸೆಂಟಿಸ್ಟೋಕ್ ನಡುವೆ ಇರಬೇಕು, 40 ಗ್ರೇಡಿನದು 12.5ರಿಂದ 16.3. ಆದರೆ ಬೇರಿಂಗ್ ಉಳಿಸುವುದು ಇನ್ನೊಂದು ಅಳತೆ, ಎಚ್‌ಟಿಎಚ್‌ಎಸ್. 150 ಡಿಗ್ರಿ ಕಾವಿನಲ್ಲಿ, ಜೋರಾಗಿ ಉಜ್ಜುವಾಗ ಆಯಿಲ್ ಪದರ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದರ ಲೆಕ್ಕ ಅದು. 30 ಗ್ರೇಡಿಗೆ ಕನಿಷ್ಠ 2.9 ಇದ್ದರೆ ಸಾಕು, 5ಡಬ್ಲ್ಯೂ-40ಗೆ 3.5 ಬೇಕು. ಹಾಗೆಂದು ಎಲ್ಲ 5ಡಬ್ಲ್ಯೂ-30ಗಳೂ ಒಂದೇ ಅಲ್ಲ. ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ಗುರುತಿನ ಸಿ3 ಅಥವಾ ವಿಡಬ್ಲ್ಯೂ 504 00 ಎಂದು ಬರೆದ 5ಡಬ್ಲ್ಯೂ-30 ಕೂಡ ಆ 3.5 ಮುಟ್ಟಲೇಬೇಕು. ಅದೇ ಎಸಿಇಎಯ ಎ5/ಬಿ5 ಎಂದಿದ್ದರೆ ಅದು 2.9ರಿಂದ 3.5ರ ತೆಳು ಜಾತಿ, ಈ ಎಂಜಿನ್ನಿಗೆ ಬೇಡ. ಆದ್ದರಿಂದ ಡಬ್ಬಿಯ ಮುಂಭಾಗದ ದೊಡ್ಡ ಅಂಕಿಗಿಂತ ಹಿಂಭಾಗದ ಸಣ್ಣಕ್ಷರ ಮುಖ್ಯ.

ಈಗ ವ್ಯತ್ಯಾಸ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಎರಡೂ ಒಂದೇ. ಊರೊಳಗೆ 5ಡಬ್ಲ್ಯೂ-30 ಕೊಂಚ ಹಗುರ ಎನಿಸುತ್ತದೆ, ಆದರೆ ಮೈಲೇಜಿನಲ್ಲಿ ಕಣ್ಣಿಗೆ ಬೀಳುವಷ್ಟು ಲಾಭವಿಲ್ಲ. ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಹತ್ತಿದರೆ ಮೀಟರಿನಲ್ಲಿ ಆಯಿಲ್ ಕಾವು 110 ದಾಟುತ್ತದೆ. ಇದೂ ಎರಡಕ್ಕೂ ಸಮ. ಬೇರೆಯಾಗಿದ್ದು ಆಯಿಲ್ ಮಟ್ಟ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್‌ನಲ್ಲಿ. ಘಾಟಿ ಓಡಾಟ ಹೆಚ್ಚಿದ್ದ ತಿಂಗಳು 5ಡಬ್ಲ್ಯೂ-30 ಮಟ್ಟ ಬೇಗ ಇಳಿಯಿತು, 5ಡಬ್ಲ್ಯೂ-40 ನಿಧಾನವಾಗಿ.

ಜಾಮ್ ಓಡಾಟದಲ್ಲಿ ತೊಂದರೆ ಇದಕ್ಕೆ ಉಲ್ಟಾ: ಮಟ್ಟ ಏರುತ್ತದೆ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ) ಎಂಜಿನ್ ಪೂರ್ತಿ ಬಿಸಿಯಾಗದೆ ನಿಂತು ನಿಂತು ಓಡಿದರೆ ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯಿಂದ ಜಾರಿ ಎಂಜಿನ್ ತಳದ ಆಯಿಲ್ ತೊಟ್ಟಿಗೆ ಸೇರುತ್ತದೆ. ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ, ಬೆರಳ ನಡುವೆ ಉಜ್ಜಿದರೆ ನೀರಿನಂತೆ ಜಾರು. ಹೀಗೆ ತೆಳುವಾದ 40 ಗ್ರೇಡ್ 30ರ ಮಟ್ಟಕ್ಕೆ ಇಳಿದೀತು, 30 ಗ್ರೇಡ್ ಅದಕ್ಕೂ ಕೆಳಗೆ ಹೋಗಬಹುದು. 40ನ್ನು ಆರಿಸಲು ನಮಗೆ ದೊಡ್ಡ ಕಾರಣ ಇದೇ. ಹಾಗಿದ್ದೂ 15,000 ಕಿಲೋಮೀಟರ್‌ವರೆಗೆ ಎಳೆಯಬೇಡಿ, 7,500ಕ್ಕೆ ಬದಲಿಸಿ. ವಾರಕ್ಕೊಮ್ಮೆ ಎಕ್ಸ್‌ಪ್ರೆಸ್‌ವೇಯಲ್ಲಿ ಅರ್ಧ ಗಂಟೆ ಓಡಿಸಿದರೆ ಸೇರಿದ ಪೆಟ್ರೋಲ್ ಬಹುಪಾಲು ಆವಿಯಾಗುತ್ತದೆ.

ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ನೊರೆ ಕಂಡರೆ ಗಾಬರಿ ಬೇಡ. ಕೂಲಂಟ್ ಮಟ್ಟ ಇಳಿದಿಲ್ಲವಾದರೆ ಅದು ಸಾಮಾನ್ಯವಾಗಿ ಬರೀ ತೇವ.

ಪಾರ್ಟಿಕ್ಯುಲೇಟ್ ಫಿಲ್ಟರ್ (ಹೊಗೆಯ ಮಸಿ ಹಿಡಿಯುವ ಜಾಲರಿ) ಇರುವ ಬಿಎಸ್6 ಗಾಡಿಗೆ ಮಾತ್ರ ನಮ್ಮ ಆಯ್ಕೆ ತಿರುಗಿಬಿಡುತ್ತದೆ. 502 00 ಆಯಿಲ್ ಉರಿದಾಗ ಉಳಿಯುವ ಬೂದಿ ಹೆಚ್ಚು, ಅದರಿಂದ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅಂಥ ಗಾಡಿಗೆ ಕೈಪಿಡಿ ಹೇಳಿದ ಕಡಿಮೆ ಬೂದಿಯ ಆಯಿಲೇ ಸರಿ.

ಇನ್ನು 10ಡಬ್ಲ್ಯೂ-60. 'ಸ್ಪೋರ್ಟ್ಸ್ ಕಾರು, ದಪ್ಪ ಆಯಿಲ್ ಹಾಕಿ' ಎನ್ನುವ ಗ್ಯಾರೇಜುಗಳಿವೆ. ಅದು ಬಿಎಂಡಬ್ಲ್ಯೂದ ಹಳೆಯ ಎಂ3ಯ ಎಸ್54ನಂಥ ಎಂಜಿನ್ನಿಗೆಂದೇ ಕಂಪನಿ ಹೇಳಿದ್ದು. ಎಂಜಿನ್ ತಣ್ಣಗಿರುವಾಗ ಅಷ್ಟು ದಪ್ಪ ಆಯಿಲ್ ಮೇಲಿನ ಕ್ಯಾಮ್‌ಶಾಫ್ಟ್‌ಗೆ (ವಾಲ್ವ್ ತೆರೆಯುವ ದಂಡ) ತಡವಾಗಿ ತಲುಪುತ್ತದೆ, ಆಯಿಲ್ ಒತ್ತಡದಿಂದಲೇ ನಡೆಯುವ ವಾಲ್ವ್ ಟೈಮಿಂಗ್ ಮಂಕಾಗುತ್ತದೆ. ಈ ಆಕ್ಟೇವಿಯಾಕ್ಕೆ ಅದನ್ನು ಹಾಕಿಸಬೇಡಿ.

ಟಾಪ್‌ಅಪ್ ಮಾಡುವಾಗ ಗಾಡಿ ಸಮತಟ್ಟು ಜಾಗದಲ್ಲಿರಲಿ. ಬಿಸಿ ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, 200 ಮಿಲಿಲೀಟರಿನಷ್ಟೇ ಸುರಿದು ಮತ್ತೆ ಅಳೆಯಿರಿ. ಮೇಲಿನ ಗೆರೆ ದಾಟಿದರೆ ಎಂಜಿನ್ ತಳದಲ್ಲಿ ತಿರುಗುವ ಕ್ರ್ಯಾಂಕ್ ದಂಡ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ದಾಟಿದ್ದು ಕಂಡರೆ ಸ್ಟಾರ್ಟ್ ಮಾಡದೆ ಡಿಪ್‌ಸ್ಟಿಕ್ ಕೊಳವೆಯಿಂದ ಪಂಪ್ ಹಾಕಿ ಹೆಚ್ಚಿದ್ದನ್ನು ಹೊರತೆಗೆಯಿರಿ.