ಜಿಮೇಕ್, ಎನ್‌ಮೇಕ್, ಲಿನಕ್ಸ್ ಮೇಕ್: ಪರ್ಲ್ ಮಾಡ್ಯೂಲ್ ಮೂರರಲ್ಲೂ ಕಟ್ಟಿ ನೋಡಿದೆ

ಬರೀ ಪರ್ಲ್ ಭಾಷೆಯಲ್ಲೇ ಬರೆದ ಮಾಡ್ಯೂಲ್ ಆದರೆ ವಿಂಡೋಸ್‌ನಲ್ಲೂ ತಲೆನೋವಿಲ್ಲ. ಒಳಗೆ ಸಿ ಕೋಡ್ ಇದ್ದರೆ ಮಾತ್ರ ಅದನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಬೇಕು, ಅದಕ್ಕೆ ಹೊಂದುವ ಮೇಕ್ (ಕಟ್ಟುವ ಹೆಜ್ಜೆಗಳನ್ನು ಕ್ರಮವಾಗಿ ನಡೆಸುವ ಟೂಲ್) ಬೇಕು. ಎಸ್‌ಕ್ಯುಲೈಟ್ ಡೇಟಾಬೇಸನ್ನು ಪರ್ಲ್‌ನಿಂದ ಬಳಸುವ ಮಾಡ್ಯೂಲ್ ಡಿಬಿಡಿ::ಎಸ್‌ಕ್ಯುಲೈಟ್ ಅನ್ನು ನಾನು ಒಂದೇ ಲ್ಯಾಪ್‌ಟಾಪ್‌ನಲ್ಲಿ ಮೂರು ಸಲ ಕಟ್ಟಿದೆ. ಎಸ್‌ಕ್ಯುಲೈಟ್‌ನ ಇಡೀ ಸಿ ಕೋಡ್ ಅದರ ಹೊಟ್ಟೆಯಲ್ಲೇ ಇರುತ್ತದೆ, ಹಾಗಾಗಿ ಕಂಪೈಲರ್‌ಗೆ ಕೈತುಂಬಾ ಕೆಲಸ.

ಮೊದಲು ಸ್ಟ್ರಾಬೆರಿ ಪರ್ಲ್, ಅಂದರೆ ವಿಂಡೋಸ್‌ಗೆಂದೇ ಸಿಗುವ ಸಿದ್ಧ ಪರ್ಲ್. ಜಿಸಿಸಿ ಎಂಬ ಕಂಪೈಲರ್, ಜಿಮೇಕ್ ಎರಡೂ ಅದರ ಜೊತೆಗೇ ಬರುತ್ತವೆ. ಸಲೀಸಾಗಿ ಆಗಬೇಕಿತ್ತು, ಆಗಲಿಲ್ಲ. ತಪ್ಪು ನನ್ನದೇ. ಹಳೇ ಸ್ಟ್ರಾಬೆರಿಯಲ್ಲಿ ಇದ್ದದ್ದು ಡಿಮೇಕ್ ಎಂಬ ಬೇರೆ ಮೇಕ್, 5.26ನೇ ಆವೃತ್ತಿಯಿಂದ ಜಿಮೇಕ್. ಪರ್ಲ್ ಹೊಸದು ಹಾಕಿದ್ದೆ, ಆದರೆ ಮಾಡ್ಯೂಲ್ ತಂದು ಹಾಕುವ ಸಿಪ್ಯಾನ್‌ನ ಸೆಟ್ಟಿಂಗ್ ಫೈಲ್ ಹಳೆಯದೇ ಉಳಿದಿತ್ತು. ಅದು ಇಲ್ಲದ ಡಿಮೇಕ್ ಅನ್ನು ಹುಡುಕುತ್ತಾ ಕೂತಿತ್ತು. ಸಿಪ್ಯಾನ್ ಶೆಲ್‌ನಲ್ಲಿ ಮೇಕ್‌ನ ಹೆಸರು ಬದಲಿಸಿ ಸೇವ್ ಮಾಡಿದ ಮೇಲೆ ಒಂದೇ ಏಟಿಗೆ ಆಯಿತು.

ಆಮೇಲೆ ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೋ ಬಿಲ್ಡ್ ಟೂಲ್ಸ್ ಹಾಕಿ, ಪರ್ಲ್ ಅನ್ನೇ ಸೋರ್ಸ್‌ನಿಂದ ಅದರ ಜೊತೆ ಬರುವ ಎನ್‌ಮೇಕ್‌ನಲ್ಲಿ ಕಟ್ಟಿಕೊಂಡೆ. ಡೌನ್‌ಲೋಡೇ ಹಲವು ಜಿಬಿ. ಮಾಮೂಲಿ ಕಮಾಂಡ್ ಪ್ರಾಂಪ್ಟ್ ತೆರೆದರೆ ಎನ್‌ಮೇಕ್ ಸಿಗುವುದೇ ಇಲ್ಲ, ಬಿಲ್ಡ್ ಟೂಲ್ಸ್ ಜೊತೆ ಬರುವ ನೇಟಿವ್ ಟೂಲ್ಸ್ ಪ್ರಾಂಪ್ಟ್ ಬೇಕು. ಸುಮ್ನೆ ಕುತೂಹಲಕ್ಕೆ ಈ ಪರ್ಲ್ ಬರೆದ ಮೇಕ್‌ಫೈಲ್ (ಮೇಕ್ ಓದುವ ಹೆಜ್ಜೆಗಳ ಪಟ್ಟಿ) ಅನ್ನು ಜಿಮೇಕ್‌ಗೆ ಕೊಟ್ಟೆ. 'ಮಿಸ್ಸಿಂಗ್ ಸೆಪರೇಟರ್' ಎಂದು ನಿಂತುಬಿಟ್ಟಿತು. ಎರಡಕ್ಕೂ ಹೆಸರು ಮೇಕ್, ಬರೆಯುವ ರೀತಿ ಬೇರೆ. ಪರ್ಲ್ ತನ್ನನ್ನು ಯಾವುದರಿಂದ ಕಟ್ಟಿದರು ಎನ್ನುವುದನ್ನು ನೆನಪಿಟ್ಟುಕೊಂಡು, ಆ ರೀತಿಯಲ್ಲೇ ಮೇಕ್‌ಫೈಲ್ ಬರೆಯುತ್ತದೆ. ಅನುಮಾನ ಬಂದರೆ ಅದನ್ನೇ ಕೇಳಬಹುದು: ಪರ್ಲ್, ಮೈನಸ್, ದೊಡ್ಡ ವಿ, ಕೋಲನ್, ಮೇಕ್. ಮೇಕ್ ತಪ್ಪಿದರೆ ಎರರ್ ಬರುತ್ತದೆ, ಅಷ್ಟೇ. ಪರ್ಲ್ ಒಂದು ಕಂಪೈಲರ್‌ನಲ್ಲಿ, ಮಾಡ್ಯೂಲ್ ಇನ್ನೊಂದರಲ್ಲಿ ಕಟ್ಟಿ ಬೆರೆಸುವುದು ಅದಕ್ಕಿಂತ ಅಪಾಯ. ಒಂದು ಸಿ ರನ್‌ಟೈಮ್ (ಸಿ ಪ್ರೋಗ್ರಾಂ ಓಡಲು ಬೇಕಾದ ಲೈಬ್ರರಿ) ಕೊಟ್ಟ ಮೆಮೊರಿಯನ್ನು ಇನ್ನೊಂದು ಬಿಡಿಸಲು ಹೋದರೆ ಪ್ರೋಗ್ರಾಂ ನಡುವೆಯೇ ಬೀಳಬಹುದು.

ಇನ್ನು ಮೂರನೆಯದು, ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್‌ನ ಉಬುಂಟು. ಅದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಕಂಪೈಲರ್, ಮೇಕ್ ಎರಡನ್ನೂ ತರುವ ಬಿಲ್ಡ್-ಎಸೆನ್ಶಿಯಲ್ ಪ್ಯಾಕೇಜ್ ಹಾಕಿದೆ, ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಮುಗಿದಿತ್ತು. ಆದರೆ ನನ್ನ ಎಕ್ಸೆಲ್ ಸ್ಕ್ರಿಪ್ಟ್‌ಗಳಿಗೆ ವಿಂಡೋಸ್ ಪ್ರೋಗ್ರಾಂಗಳನ್ನು ನಡೆಸುವ ವಿನ್32::ಓಎಲ್ಇ ಮಾಡ್ಯೂಲ್ ಬೇಕು, ಅದು ಅಲ್ಲಿ ನಡೆಯುವುದಿಲ್ಲ. ಅವಕ್ಕಾಗಿ ಸ್ಟ್ರಾಬೆರಿ ಉಳಿಸಿಕೊಂಡೆ, ಮಿಕ್ಕಿದ್ದೆಲ್ಲ ಉಬುಂಟುವಿಗೆ ಹೋಯಿತು. ಎನ್‌ಮೇಕ್‌ನಲ್ಲಿ ಅಷ್ಟು ಕಷ್ಟಪಟ್ಟು ಕಟ್ಟಿದ ಪರ್ಲ್? ಡಿಸ್ಕ್ ತುಂಬಿತು, ಅಳಿಸಿಬಿಟ್ಟೆ.